75 ಅಡಿಯ ವೀರಗಲ್ಲು

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಏಕಶಿಲೆಯೊಂದು ನಿಂತಿದೆ. ಅದಕ್ಕಿಟ್ಟ ಹೆಸರು ವೀರಗಲ್ಲು. ನೂರಾರು ಟನ್ ತೂಕದ ಬಂಡೆಯನ್ನು ತಂದು ನಿಲ್ಲಿಸಿದವರ ಸಾಹಸ ಸಣ್ಣದಲ್ಲ. ಆದರೆ ಮಾಲೂರು, ಮುಳಬಾಗಿಲು ಕಡೆಯ ಹೊಲದ ಬದುಗಳಲ್ಲಿ, ಕೆರೆ ಏರಿಯ ಮೇಲೆ ಸೊಂಟದೆತ್ತರದ ವೀರಗಲ್ಲುಗಳನ್ನು ನೋಡಿದವರಿಗೆ ಅದರ ಮುಂದೆ ನಿಂತಾಗ ಒಂದು ತಕರಾರು ಏಳದೆ ಇರದು. ಇಷ್ಟು ದೊಡ್ಡ ಕಲ್ಲು ಒಬ್ಬನ ಕಥೆಯನ್ನೂ ಹೇಳುವುದಿಲ್ಲ.

ನಮ್ಮ ಕಡೆಯ ಕಲ್ಲುಗಳು ಬಾಯಿಬಡುಕ ಕಲ್ಲುಗಳು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದ ಪುಟ ಮಗುಚಿದರೆ ಸಾಕು, ತುರು ಹಿಡಿಯಲು ಬಂದವರೊಡನೆ ಕಾದಿ ಸತ್ತವರು, ಊರು ಮುರಿಯಲು ಬಂದ ದಂಡನ್ನು ತಡೆದು ಸತ್ತವರು ಸಾಲಾಗಿ ಎದುರಾಗುತ್ತಾರೆ. ನಡುವೆ ಬಿಲ್ಲು ಹಿಡಿದ ಆಳಿನ ಚಿತ್ರ, ಸುತ್ತ ಅಕ್ಷರ. ಆಳುತ್ತಿದ್ದವರು ಯಾರು, ಜಗಳ ಎಲ್ಲಿ, ಸತ್ತವನು ಯಾರು, ಅವನ ಕಡೆಯವರಿಗೆ ಬಿಟ್ಟ ಮಣ್ಣೆಷ್ಟು, ಎಲ್ಲವನ್ನೂ ಅಷ್ಟರಲ್ಲೇ ತುರುಕಿರುತ್ತಾರೆ.

ಈ ಕಲೆಯ ಪೂರ್ಣ ರೂಪ ನೋಡಬೇಕೆಂದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಬೇಗೂರಿನಿಂದ ತಂದ ಕಲ್ಲು ಅಲ್ಲಿದೆ, ಸುಮಾರು ಕ್ರಿ.ಶ. 900ರದ್ದು. ಸತ್ತವನು ನಾಗತ್ತರ, ಗಂಗ ದೊರೆ ಎರೆಯಪ್ಪರಸನ ದಳಪತಿ. ಬೀರಮಹೇಂದ್ರನ ಮೇಲೆ ಕಾದಲು ಹೊರಟ ಅಯ್ಯಪದೇವನಿಗೆ ನೆರವಾಗಲೆಂದು ದೊರೆ ಇವನ ಕೈಗೆ ಸೇನೆ ಕೊಟ್ಟು ಕಳಿಸಿದ. ತುಂಬೆಪಾಡಿಯಲ್ಲಿ ಕಾಳಗ. ಆಟ ಕೈತಪ್ಪುತ್ತಿದ್ದಾಗ ಆನೆಗಳ ಮೇಲೆಯೇ ಬಿದ್ದು ಹೋರಾಡಿ ನಾಗತ್ತರ ಸತ್ತ. ಶಿಲ್ಪಿ ಒಬ್ಬ ವೀರನನ್ನು ಒಂಟಿಯಾಗಿ ಮೆರೆಸಲಿಲ್ಲ. ಆನೆ, ಕುದುರೆ, ಕಾಲಾಳುಗಳ ಇಡೀ ನೂಕುನುಗ್ಗಲನ್ನೇ ಕಡೆದ. ಕಾಳಗ ಕೆಟ್ಟ ಗಳಿಗೆಯನ್ನು ಬರೆಸಿದವರು ಮುಚ್ಚಿಡಲಿಲ್ಲ ಎಂಬುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇವತ್ತಿನ ಯಾವ ಸ್ಮಾರಕ ಸಮಿತಿಯೂ ಆ ಸಾಲಿಗೆ ಒಪ್ಪಿಗೆ ಕೊಡಲಿಕ್ಕಿಲ್ಲ.

ಶಾಸನ ಸಾವಿಗೇ ನಿಲ್ಲುವುದಿಲ್ಲ. ಸುದ್ದಿ ತಿಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ಮಡಿದ ವೀರನ ಲೆಕ್ಕದಲ್ಲಿ ಬಿಡುವ ಭೂಮಿಯಾಗಿ, ಕೊಟ್ಟ. ಹನ್ನೆರಡು ಹಳ್ಳಿಗಳ ಹೆಸರನ್ನೂ ಒಂದೊಂದಾಗಿ ಕೊರೆದಿದ್ದಾರೆ. ಅಂದರೆ ಆ ಕಲ್ಲು ಗೌರವವೂ ಹೌದು, ಪಹಣಿಯೂ ಹೌದು.

ಸಾವಿರಾರು ಹೆಸರುಗಳನ್ನು ಹೊರಬೇಕಾದ ರಾಷ್ಟ್ರೀಯ ಸ್ಮಾರಕ ಒಬ್ಬೊಬ್ಬರ ಕಥೆ ಹೇಳಲಾರದು, ಒಪ್ಪೋಣ. ಆದರೆ ತಾಲ್ಲೂಕು, ಹೋಬಳಿಗಳಲ್ಲಿ ನಾವು ಮಾಡುತ್ತಿರುವುದಾದರೂ ಏನು? ವೃತ್ತಕ್ಕೆ ಹೆಸರು, ಒಂದು ಎದೆಮಟ್ಟದ ಪುತ್ಥಳಿ, ಧ್ವಜಸ್ತಂಭ. ಉದ್ಘಾಟನೆಯ ಫಲಕದಲ್ಲಿ ಮಡಿದವನ ಹೆಸರಿಗಿಂತ ಬಂದುಹೋದವರ ಹೆಸರೇ ಉದ್ದ.

ಕರ್ನಲ್ ವಸಂತ್ ವೇಣುಗೋಪಾಲ್ ಅವರನ್ನು ನೆನೆಯಿರಿ. ಮರಾಠಾ ಲಘು ಪದಾತಿ ದಳದ 9ನೇ ಬೆಟಾಲಿಯನ್ನಿನ ಕಮಾಂಡರ್, ಬೆಂಗಳೂರಿನವರು. 2007ರ ಜುಲೈ 31ರಂದು ಉರಿ ವಲಯದಲ್ಲಿ ನುಸುಳುಕೋರರನ್ನು ತಡೆಯುವ ಕಾರ್ಯಾಚರಣೆಯಲ್ಲಿ ತಾವೇ ಮುಂದೆ ನಿಂತು ಮಡಿದಾಗ ಅವರಿಗೆ 40 ವರ್ಷ. ಮರುವರ್ಷ ಅಶೋಕ ಚಕ್ರ ಬಂತು. ನಾನು ಹೇಳುತ್ತಿರುವ ವೀರಗಲ್ಲಿನ ಗುಣ ಅವರ ವಿಷಯದಲ್ಲಿ ಕಂಡದ್ದು ಯಾವ ಕಲ್ಲಿನಲ್ಲೂ ಅಲ್ಲ, ಪತ್ನಿ ಸುಭಾಷಿಣಿಯವರ ಕೆಲಸದಲ್ಲಿ. ಒಂದು ಕೈಯಲ್ಲಿ ವೀಣಾ ಪ್ರಸಾದ್ ಜೊತೆಗೂಡಿ ಬರೆದ ‘ಫಾರೆವರ್ ಫಾರ್ಟಿ’, ಇನ್ನೊಂದರಲ್ಲಿ ಮಡಿದ ಸೈನಿಕರ ಹೆಂಡತಿ ಮಕ್ಕಳಿಗೆ ಆಸರೆಯಾಗುವ ವಸಂತರತ್ನ ಪ್ರತಿಷ್ಠಾನ. ಕಥೆ ಮತ್ತು ಕಲ್ನಾಡು, ಎರಡೂ ಸೇರಿದವು. ಆದರೆ ಎರಡರ ಭಾರವನ್ನೂ ಹೊತ್ತದ್ದು ಮನೆಯವರು. ಬೇಗೂರಿನಲ್ಲಿ ಅದನ್ನು ಹೊತ್ತದ್ದು ದೊರೆ.

ಕಥೆ ಹೇಳುವ ವೀರಗಲ್ಲು ನಿಲ್ಲಿಸುವ ಹಳೆಯ ಪದ್ಧತಿ ಇವತ್ತಿಗೆ ನಡೆಯದು ಎನ್ನುವವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಒಮ್ಮೆ ಹೋಗಿಬರಲಿ. ಅಲ್ಲಿನ ಶಿಲ್ಪಿಗಳ ಉಳಿಯಡಿ ಇಂದಿಗೂ ದೇವರ ವಿಗ್ರಹಗಳು ಮೂಡುತ್ತಿವೆ. ದ್ವಾರಪಾಲಕನ ಗದೆ ಕಡೆಯುವ ಕೈಗೆ ಬಂದೂಕು, ಮಂಜುಬೆಟ್ಟದ ಇಳಿಜಾರು, ಬಂಕರು ಕಷ್ಟವೇನಲ್ಲ. ಬರೆಯುವುದಕ್ಕೂ ತಡಕಾಡಬೇಕಿಲ್ಲ. ಶೌರ್ಯ ಪ್ರಶಸ್ತಿಯ ಜೊತೆ ಎಲ್ಲಿ, ಹೇಗೆ ಹೋರಾಡಿದರೆಂಬ ವಿವರವೂ ಪ್ರಕಟವಾಗುತ್ತದೆ. ಅದನ್ನು ಹದವಾದ ಕನ್ನಡದಲ್ಲಿ ಎಂಟು ಸಾಲಿಗೆ ಇಳಿಸಿದರಾಯಿತು.

ಒಂಬತ್ತನೆಯ ಸಾಲಿಗೆ ಮಾತ್ರ ಅಧಿಕಾರಿಗಳು ತಕರಾರು ತೆಗೆಯಬಹುದು. ಸರ್ಕಾರ ಆ ಕುಟುಂಬಕ್ಕೆ ಘೋಷಿಸಿದ ನಿವೇಶನ ಯಾವ ಊರಿನದು, ಪರಿಹಾರ ಎಷ್ಟು, ಕೆಲಸ ಯಾರಿಗೆ ಎಂದು ಕಲ್ಲಿನ ಮೇಲೇ ಕೊರೆಯಬೇಕು. ಈಗ ಅವೆಲ್ಲ ಕಡತದಲ್ಲಿರುತ್ತವೆ. ತಾಯಿಯೋ ಹೆಂಡತಿಯೋ ಕಚೇರಿಗೆ ಅಲೆದು ಕೇಳಬೇಕು. ಕಲ್ಲಿನ ಮೇಲಿದ್ದರೆ ಊರಿನ ಯಾರು ಬೇಕಾದರೂ ಓದಿ, ಕೊಟ್ಟಾಯಿತೇ ಎಂದು ತಹಶೀಲ್ದಾರರನ್ನು ಕೇಳಬಹುದು.