ಬೀಕನ್ ಇಂಟರ್‌ವಲ್‌ಗೆ ಕೈಹಾಕುವ ಮುನ್ನ

ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತಿದ್ದರೆ ರೂಟರಿನ ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ ಬೀಕನ್ ಇಂಟರ್‌ವಲ್ ಅನ್ನು 100ರಿಂದ 1000ಕ್ಕೆ ಏರಿಸಿ ಎನ್ನುವವರಿದ್ದಾರೆ. ವೇಗ ಬೇಕಾದವರಿಗೆ ಅದನ್ನೇ 50ಕ್ಕೆ ಇಳಿಸಲು ಹೇಳುತ್ತಾರೆ. ಈ ಎರಡು ಸಲಹೆಗಳೂ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ರೂಟರ್ ತನ್ನ ಹೆಸರು, ಭದ್ರತೆಯ ಬಗೆ, ತನಗೆ ಒಗ್ಗುವ ವೇಗಗಳನ್ನು ಆಗಾಗ ಸಾರುವ ಪ್ರಕಟಣೆಯೇ ಬೀಕನ್. ಇಲ್ಲಿ ಕಾಲದ ಮಾನ 1024 ಮೈಕ್ರೋಸೆಕೆಂಡ್. ಹಾಗಾಗಿ 100 ಎಂದರೆ 102.4 ಮಿಲಿಸೆಕೆಂಡಿಗೊಮ್ಮೆ. ನಿದ್ದೆಯಲ್ಲಿರುವ ಫೋನ್ ಎದ್ದು, ಬೀಕನ್ನಿನ ‘ಟಿಮ್’ ಭಾಗದಲ್ಲಿ ತನಗೇನಾದರೂ ಬಂದಿದೆಯೇ ಎಂದು ನೋಡಿ, ಇಲ್ಲವಾದರೆ ರೇಡಿಯೊ ಆರಿಸಿ ಮತ್ತೆ ಮಲಗುತ್ತದೆ. ಎಲ್ಲರಿಗೂ ಸೇರಿದ ಬ್ರಾಡ್‌ಕಾಸ್ಟ್ ಸಂದೇಶಗಳು ಮಾತ್ರ ‘ಡಿಟಿಮ್’ ಇರುವ ಬೀಕನ್ ಬರುವ ತನಕ ರೂಟರಿನಲ್ಲೇ ಕಾಯಬೇಕು.

ಬ್ಯಾಟರಿ ಉಳಿಸಲು ನೋಡಬೇಕಾದದ್ದು ಈ ಡಿಟಿಮ್ ಅನ್ನು, ಅಂದರೆ ಅದು ಎಷ್ಟು ಬೀಕನ್‌ಗಳಿಗೊಮ್ಮೆ ಬರುತ್ತದೆ ಎಂಬ ಸಂಖ್ಯೆಯನ್ನು. ಲಿನಕ್ಸ್ ಆಧಾರಿತ ಅನೇಕ ರೂಟರುಗಳ ಒಳಗಿರುವ ಹೋಸ್ಟ್‌ಎಪಿಡಿ ತಂತ್ರಾಂಶ ಬೀಕನ್ನಿಗೆ 100, ಡಿಟಿಮ್‌ಗೆ 2 ಇಟ್ಟುಕೊಂಡೇ ಬರುತ್ತದೆ. ಇದು ವಿವೇಕದ ಆಯ್ಕೆ. ಫೋನುಗಳೇ ತುಂಬಿರುವ ಮನೆಯಲ್ಲಿ 3 ಆದರೂ ನಡೆದೀತು. ಆಸೆಗೆ ಬಿದ್ದು 10 ಮಾಡಿದರೆ ಬ್ರಾಡ್‌ಕಾಸ್ಟ್ ಸಂದೇಶ ಒಂದು ಸೆಕೆಂಡಿನವರೆಗೂ ಕಾಯುತ್ತದೆ. ಫೋನಿನ ವಿಳಾಸ ವಿಚಾರಿಸುವ ಎಆರ್‌ಪಿ ತಡವಾಗುತ್ತದೆ, ಪ್ರಿಂಟರ್ ಬೇಗ ಕಣ್ಣಿಗೆ ಬೀಳುವುದಿಲ್ಲ.

ಬೀಕನ್ನನ್ನೇ 1000ಕ್ಕೆ ಒಯ್ಯುವುದು ಇನ್ನೂ ಕೆಟ್ಟದ್ದು. 5 ಗಿಗಾಹರ್ಟ್ಸ್‌ನ ಡಿಎಫ್‌ಎಸ್ ಚಾನೆಲ್‌ಗಳು ರೇಡಾರಿನೊಂದಿಗೆ ಹಂಚಿಕೊಂಡವು. ಅಲ್ಲಿ ಫೋನ್ ತಾನಾಗಿ ಕೂಗಿ ಕೇಳುವಂತಿಲ್ಲ, ಬೀಕನ್ ಬರುವುದನ್ನು ಸುಮ್ಮನೆ ಆಲಿಸಬೇಕು. ಒಂದೊಂದು ಚಾನೆಲ್ಲಿನಲ್ಲಿ ಅದು ನಿಲ್ಲುವುದು ಅಲ್ಪಕಾಲ. ಬೀಕನ್ ಸೆಕೆಂಡಿಗೊಂದು ಬಂದರೆ ನಿಮ್ಮ ವೈಫೈ ಪಟ್ಟಿಯಲ್ಲೇ ಕಾಣದೆ ಹೋಗಬಹುದು.

ಇನ್ನು ವೇಗದ ಮಾತಿಗೆ ಬಂದರೆ, ಚಾನೆಲ್ಲಿನ ಸಮಯದ ನಿಜವಾದ ಪೋಲು ಬೇರೆಡೆ ಇದೆ. 2.4 ಗಿಗಾಹರ್ಟ್ಸ್‌ನಲ್ಲಿ ಹಳೆಯ ಸಾಧನಗಳನ್ನು ನೆನೆದು ಬೀಕನ್ನನ್ನು ಹಲವೆಡೆ ಇಂದಿಗೂ 1 ಎಂಬಿಪಿಎಸ್‌ನಲ್ಲೇ ಕಳಿಸಲಾಗುತ್ತದೆ. 300 ಬೈಟ್‌ಗಳ ಬೀಕನ್ನಿಗೆ ಆಗ 2.4 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ ಒಂದು ವೈಫೈ ಹೆಸರಿಗೆ ಚಾನೆಲ್ಲಿನ ಸಮಯದಲ್ಲಿ ಶೇ. 2.5ರಷ್ಟು. ಮನೆಯವರಿಗೆ, ಅತಿಥಿಗಳಿಗೆ, ಕ್ಯಾಮೆರಾಗೆ, ಟಿವಿಗೆ ಎಂದು ನಾಲ್ಕು ಹೆಸರಿಟ್ಟರೆ ಹತ್ತನೇ ಒಂದು ಭಾಗ ಬರೀ ಪ್ರಕಟಣೆಗೇ ಹೋಯಿತು. ಇಂಟರ್‌ವಲ್ 50 ಮಾಡಿದರೆ ಅದೂ ಇಮ್ಮಡಿ. ಅದೇ ಬೀಕನ್ 6 ಎಂಬಿಪಿಎಸ್‌ನಲ್ಲಿ ಅರ್ಧ ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ದೂರದ ಮೂಲೆಯಲ್ಲಿ ಸಿಗ್ನಲ್ ಹಿಡಿಯುವುದು ತುಸು ಕಷ್ಟವಾದೀತು, 802.11ಬಿ ಮಾತ್ರ ಬಲ್ಲ ಸಾಧನ ಕೂಡಿಕೊಳ್ಳಲಾರದು. ಆದರೂ ಲಾಭವೇ ಹೆಚ್ಚು.

ರೂಟರ್ ತಯಾರಕರು ಈ ಪುಟದಲ್ಲಿ ಸಂಖ್ಯೆಯ ಜೊತೆ ಅದರ ಪರಿಣಾಮವನ್ನೂ ಬರೆಯಬೇಕು. ಅಲ್ಲಿಯವರೆಗೆ ನೀವು ಬೀಕನ್ನನ್ನು 100ರಲ್ಲೇ ಬಿಡಿ, ಡಿಟಿಮ್ 3 ದಾಟದಿರಲಿ, ಬೇಡವಾದ ವೈಫೈ ಹೆಸರುಗಳನ್ನು ಇಂದೇ ಅಳಿಸಿ.