ಸುರಪುರದ ಟೇಲರ್ ಮಂಜಿಲ್: ನಿವಾಸ, ನೆಲ ಮತ್ತು ದಾಖಲೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಪರಿಸರದ ವಾಸ್ತು ಇತಿಹಾಸವನ್ನು ಮುದಗಲ್ಲಿನ ಕೋಟೆಯೊಂದಿಗೆ ಮುಗಿಸುವುದು ವಾಡಿಕೆ. ಆದರೆ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯಿತ್ತು. ಕೃಷ್ಣೆಯ ಉತ್ತರಕ್ಕೆ, ಸುರಪುರದ ಗುಡ್ಡದ ಮೇಲೆ, ಫಿಲಿಪ್ ಮೆಡೋಸ್ ಟೇಲರ್ (1808–1876) 1840ರ ದಶಕದಲ್ಲಿ ಕಟ್ಟಿಸಿದ ಮನೆಯಿದೆ. ಇದನ್ನು ಇಂಗ್ಲೆಂಡಿನ ಹಳ್ಳಿಗಾಡಿನ ಸಿರಿವಂತ ನಿವಾಸಗಳ ಸಾಲಿಗೆ ಸೇರಿಸಬಹುದೇ ಎಂಬ ಪ್ರಶ್ನೆ ಪರಿಶೀಲನಾರ್ಹವಾದುದು.

ಗ್ರೀಕ್-ರೋಮನ್ ಕಂಬಸಾಲು ಮತ್ತು ಎರಡು ಪಾರ್ಶ್ವಗಳ ಸಮತೋಲ ನವ-ಅಭಿಜಾತ ಶೈಲಿಯ ಮುಖ್ಯ ಲಕ್ಷಣಗಳು. ನಿಜಾಮ ರಾಜ್ಯದಲ್ಲಿ ಅದರ ಪೂರ್ಣ ಮಾದರಿ ಹೈದರಾಬಾದಿನ ರೆಸಿಡೆನ್ಸಿ. 19ನೆಯ ಶತಮಾನದ ಆರಂಭದಲ್ಲಿ, ಜೇಮ್ಸ್ ಕಿರ್ಕ್‌ಪ್ಯಾಟ್ರಿಕ್‌ನ ಕಾಲದಲ್ಲಿ, ಸ್ಯಾಮ್ಯುಯೆಲ್ ರಸೆಲ್‌ನ ವಿನ್ಯಾಸದಂತೆ ನಿಜಾಮನ ಹಣದಲ್ಲಿ ಎದ್ದ ಆ ಸೌಧದ ಕೊರಿಂಥಿಯನ್ ಕಂಬಗಳು ಅಧಿಕಾರವನ್ನು ಸಾರುತ್ತವೆ. ಸುರಪುರದ ಮನೆಯ ಅಧಿಕಾರವಾದರೋ ಕಂಬಗಳಲ್ಲಿಲ್ಲ, ಅದು ನಿಂತ ಎತ್ತರದಲ್ಲಿದೆ.

ಇಂಗ್ಲಿಷ್ ಎಸ್ಟೇಟಿನಲ್ಲಿ ಮನೆ, ಭೂಮಿ ಮತ್ತು ಕೊಳ ಒಬ್ಬನೇ ಒಡೆಯನವು. ಕೊಳವಿರುವುದು ಬಹುಮಟ್ಟಿಗೆ ನೋಟದ ಸೊಗಸಿಗೆ. ಟೇಲರನಾದರೋ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನಡೆಸಿದ ಅಧಿಕಾರಿ. 1853ರಲ್ಲಿ ಆ ಹೊಣೆ ಮುಗಿಯಿತು. ಅವನು ಅಭಿವೃದ್ಧಿಪಡಿಸಿದ ಬೋನಾಳ ಕೆರೆ ನಾಯಕ ಅರಸರ ಕಾಲದ್ದು. ಅದರ ನೀರು ರೈತರ ಗದ್ದೆಗಳಿಗೆ ಸಲ್ಲುವಂಥದು. ಆದ್ದರಿಂದ ಇಲ್ಲಿ ‘ಎಸ್ಟೇಟ್’ ಎಂಬ ಪದವು ಅರ್ಧಸತ್ಯ. ‘ಮಂಜಿಲ್’ ಎಂಬ ಹೆಸರೇ ಆ ಮನೆಯನ್ನು ದಖ್ಖನಿನ ಆಡಳಿತ ಪರಂಪರೆಗೆ ಸೇರಿಸುತ್ತದೆ.

ಹೆಚ್ಚಿನ ತೊಡಕು ಆಕರದ್ದು. ಈ ಕಾಲದ ಸುರಪುರವನ್ನು ಕುರಿತ ಬರಹಗಳು ಬಹುವಾಗಿ ಅವಲಂಬಿಸುವುದು 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯನ್ನು. ರಾಜನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಅಲ್ಲಿ ಅವನು ಬರೆಯುತ್ತಾನೆ. ಆದರೆ 1858ರ ಫೆಬ್ರುವರಿಯಲ್ಲಿ ಅದೇ ರಾಜನು ಬ್ರಿಟಿಷರ ವಿರುದ್ಧ ಬಂಡೆದ್ದನು; ಲಿಂಗಸುಗೂರಿನ ಛಾವಣಿಯಿಂದ ಪಡೆ ಸುರಪುರಕ್ಕೆ ನಡೆಯಿತು. ಸೆರೆಯಾದ ರಾಜನು ಅದೇ ವರ್ಷ ಗುಂಡೇಟಿನಿಂದ ಅಸುನೀಗಿದನು. ಆ ಸಂಬಂಧದ ವಾತ್ಸಲ್ಯ ಸುಳ್ಳಿರಲಾರದು. ಆದರೂ ಅದು ಒಂದು ಕಡೆಯ ಸಾಕ್ಷ್ಯ ಮಾತ್ರ.

ಟೇಲರ್ ಮಂಜಿಲನ್ನು ಒಬ್ಬ ಸಜ್ಜನ ಅಧಿಕಾರಿಯ ಸ್ಮಾರಕವೆಂದಷ್ಟೇ ಕಾಪಾಡಿದರೆ ಕಲ್ಲು ಉಳಿದೀತು, ಇತಿಹಾಸ ಅರ್ಧವಾದೀತು. ನಾಯಕರ ಅರಮನೆ, ಬೋನಾಳ ಕೆರೆ, ಲಿಂಗಸುಗೂರಿನ ಛಾವಣಿ ಇವುಗಳೊಡನೆ ಇಟ್ಟು ನೋಡಿದಾಗ, ಆ ಎತ್ತರದ ಮನೆಯನ್ನು ಕೆಳಗಿನ ಊರಿನಿಂದಲೂ ಓದುವುದು ಸಾಧ್ಯವಾಗುತ್ತದೆ.