ಕ್ರೀಡನೀಯಕ ವಿಚಾರ

ನೋಡಲೂ ಕೇಳಲೂ ತಕ್ಕ ಆಟಿಕೆಯೊಂದನ್ನು ದೇವತೆಗಳು ಬ್ರಹ್ಮನಲ್ಲಿ ಬೇಡಿದರೆಂದೂ, ಅದರಿಂದ ನಾಟ್ಯವು ಹುಟ್ಟಿತೆಂದೂ ಭರತಮುನಿಯು ಹೇಳಿರುವನು. ಜಪಾನೀಯರ ವಿಡಿಯೋ ಆಟಗಳನ್ನು ತುಚ್ಛವೆನ್ನುವ ಹಿರಿಯರು ಇದನ್ನು ಮರೆಯಬಾರದು. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂಚಿತ್ರದ ಇಸ್ಪೀಟೆಲೆ ಮಾಡಲು ಹುಟ್ಟಿದ ನಿಂಟೆಂಡೋ ಸಂಸ್ಥೆಯೇ 1983ರಲ್ಲಿ ಆಟದ ಯಂತ್ರವನ್ನು ಅಲ್ಲಿಯ ಮನೆಗಳಿಗೆ ಮುಟ್ಟಿಸಿತು. 2006ರ ‘ಓಕಾಮಿ’ ಎಂಬ ಆಟದಲ್ಲಿ ಸೂರ್ಯದೇವತೆ ಅಮತೆರಾಸು ಬಿಳಿಯ ತೋಳವಾಗಿ ಬರುವಳು. ಆಡುವವನು ಕುಂಚದಿಂದ ಗೆರೆಯೆಳೆದರೆ ಒಣಮರವು ಹೂಬಿಡುವುದು. ಅದ್ಭುತರಸವು ಇಲ್ಲಿ ನಿಸ್ಸಂದೇಹವಾಗಿ ಉಂಟು. ಆದರೆ ನಾಟ್ಯದ ಸಹೃದಯನು ತನ್ನನ್ನು ಮರೆಯುವನು; ಆಟಗಾರನು ತನ್ನ ಗೆಲವನ್ನೇ ನೆನೆಯುವನು. ಆದುದರಿಂದ ಶಾಂತಕ್ಕೆ ಇಲ್ಲಿ ಎಡೆ ಕಿರಿದು.

ಮೆಣಸಗಿಯ ಕಟ್ಟೆಯ ಮೇಲೆ ಮೊಬೈಲು ಹಿಡಿದು ಪರದೇಶದ ಆಟವಾಡುವ ನಮ್ಮ ಮಕ್ಕಳನ್ನು ಬೈದು ಫಲವಿಲ್ಲ. ಜಪಾನೀಯರು ತಮ್ಮ ಪುರಾಣವನ್ನು ಆಟಕ್ಕಿಳಿಸಿದರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ನಾಡಿನವರಾದ ನಾವು ಮಕ್ಕಳ ಕೈಗೆ ಏನನ್ನು ಕೊಟ್ಟಿರುವೆವು?